ಮನೆವಾರ್ತೆಯ ನಡುವೆ ಎಂಬಿಎ ತಯಾರಿ: ಕೋಚಿಂಗ್, ಆನ್‌ಲೈನ್, ಮುಂಜಾನೆ, ಕ್ಯಾಟ್, ಜಿಮ್ಯಾಟ್

ಎಂಬಿಎ ಪ್ರವೇಶ ಪರೀಕ್ಷೆಗೆ ಓದುವ ದಾರಿಗಳನ್ನು ಹೋಲಿಸುವವರು ಸಾಮಾನ್ಯವಾಗಿ ಶುಲ್ಕ, ಅಧ್ಯಾಪಕರ ಹೆಸರು, ಅಭ್ಯಾಸಕ್ಕೆ ಬರೆಯುವ ಮಾಕ್ ಪರೀಕ್ಷೆಗಳ ಸಂಖ್ಯೆ ಇವುಗಳನ್ನೇ ಮುಂದಿಡುತ್ತಾರೆ. ಎರಡನೆಯ ತರಗತಿಯ ಮಗಳು, ಹೊತ್ತಿಗೆ ಸರಿಯಾಗಿ ಇನ್ಸುಲಿನ್ ಆಗಬೇಕಾದ ಅತ್ತೆ, ಪಾಳಿಯ ಕೆಲಸದಲ್ಲಿರುವ ಯಜಮಾನರು ಇರುವ ನಮ್ಮ ಬನಶಂಕರಿಯ ಮನೆಯಲ್ಲಿ ನನಗೆ ಬೇಕಾದ ಅಳತೆಗೋಲು ಬೇರೆಯದು. ಓದಿನ ನಡುವೆ ಯಾರಾದರೂ ಕರೆದರೆ, ಅಥವಾ ಒಂದು ವಾರವೇ ಕೈತಪ್ಪಿ ಹೋದರೆ, ಆ ಹೊತ್ತಿಗೆ ಮಾಡಿದ್ದು ಎಷ್ಟು ಉಳಿಯುತ್ತದೆ, ಎಷ್ಟು ಹಾಳಾಗುತ್ತದೆ ಎಂಬುದೇ ಆ ಅಳತೆ. ನಾನು ಬಳಸಿ ನೋಡಿದ ವಿಧಾನಗಳನ್ನು ಅದೊಂದರಿಂದಲೇ ಇಲ್ಲಿ ತೂಗಿದ್ದೇನೆ.

ಮೊದಲು ಸೇರಿದ್ದು ಜಯನಗರದಲ್ಲಿ ನಡೆಯುತ್ತಿದ್ದ ವಾರಾಂತ್ಯದ ಕೋಚಿಂಗ್ ತರಗತಿಗೆ. ಅದರ ದೊಡ್ಡ ಅನುಕೂಲ ಪಾಠದ್ದಲ್ಲ, ಬಾಗಿಲಿನದು. ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದವಳನ್ನು ಮನೆಯವರು ಯಾರೂ ಕರೆಯುವುದಿಲ್ಲ. ದತ್ತಾಂಶ ಮತ್ತು ತರ್ಕದ ಲೆಕ್ಕಗಳಲ್ಲಿ ಯಾವ ಸೆಟ್, ಅಂದರೆ ಒಂದೇ ಮಾಹಿತಿಯ ಮೇಲಿನ ಪ್ರಶ್ನೆಗಳ ಗುಂಪು, ಹಿಡಿಯಬೇಕು, ಯಾವುದನ್ನು ಬಿಟ್ಟು ಮುಂದೆ ಹೋಗಬೇಕು ಎಂಬ ವಿವೇಕವನ್ನು ಬೋರ್ಡಿನ ಮುಂದೆ ಕುಳಿತು ಕಲಿತಷ್ಟು ಬೇಗ ನಾನು ಬೇರೆಲ್ಲೂ ಕಲಿಯಲಿಲ್ಲ. ಆದರೆ ತರಗತಿಯ ಪಾಠಗಳು ಒಂದರ ಮೇಲೊಂದು ನಿಂತಿರುತ್ತವೆ. ಅನುಪಾತದ ಪಾಠ ತಪ್ಪಿಸಿಕೊಂಡವರಿಗೆ ಮುಂದಿನ ವಾರದ ಕಾಲ-ಕೆಲಸದ ಲೆಕ್ಕ ತಲೆಗೆ ಹತ್ತುವುದಿಲ್ಲ. ನಮ್ಮ ಕಡೆ ಗೃಹಪ್ರವೇಶ, ನಾಮಕರಣ, ಸೀಮಂತ ಎಲ್ಲಕ್ಕೂ ಭಾನುವಾರವನ್ನೇ ನೋಡುವುದರಿಂದ, ಸೊಸೆಯಾದವಳು ಕೋಚಿಂಗ್ ಕಾರಣ ಹೇಳಿ ಎಷ್ಟು ಮನೆಗಳ ಊಟ ತಪ್ಪಿಸಬಹುದು? ತಪ್ಪಿದ ಪಾಠವನ್ನು ವಾರದ ನಡುವೆ ಸಂಜೆ ಏಳಕ್ಕೆ ಬಂದು ಕೇಳಿಕೊಳ್ಳಿ ಎಂಬ ಸಲಹೆ, ಇಂಜಿನಿಯರಿಂಗ್ ಕೊನೆಯ ವರ್ಷದಲ್ಲಿದ್ದ ನನ್ನ ಸಹಪಾಠಿಗಳಿಗೆ ಹೇಳಿ ಮಾಡಿಸಿದಂತಿತ್ತು.

ಆನ್‌ಲೈನ್ ತರಗತಿಯ ವಿಷಯಕ್ಕೆ ಹೆಚ್ಚು ಮಾತು ಬೇಕಿಲ್ಲ. ನೇರಪ್ರಸಾರದ ಪಾಠ ರಾತ್ರಿ ಎಂಟರಿಂದ ಹತ್ತು, ಅಂದರೆ ನಮ್ಮ ಮನೆಯಲ್ಲಿ ಊಟ ಬಡಿಸಿ ಅಡುಗೆಮನೆ ತೊಳೆಯುವ ಹೊತ್ತು. ಒಂದು ಕಿವಿಗೆ ಇಯರ್‌ಫೋನ್ ಹಾಕಿಕೊಂಡು, ಇನ್ನೊಂದು ಕಿವಿಯನ್ನು ಕುಕ್ಕರಿನ ಕೂಗಿಗೆ ಬಿಟ್ಟುಕೊಂಡು ಲಾಗರಿದಮ್ ಕಲಿಯಲು ಆಗುವುದಿಲ್ಲ. ರೆಕಾರ್ಡಿಂಗ್ ಇದೆಯಲ್ಲ ಎಂಬ ಧೈರ್ಯವಂತೂ ಬಾಕಿಯನ್ನು ಬೆಳೆಸುತ್ತದೆಯೇ ಹೊರತು ತೀರಿಸುವುದಿಲ್ಲ. ಅದಕ್ಕಿಂತ ಮುಖ್ಯವಾಗಿ, ಮನೆಯವರ ಕಣ್ಣಿಗೆ ಅದು ಓದಿನಂತೆ ಕಾಣುವುದೇ ಇಲ್ಲ. "ಅಜ್ಜೀ, ಅಮ್ಮ ಇನ್ನೂ ಮೊಬೈಲ್ ನೋಡ್ತಾನೇ ಇದ್ದಾಳೆ" ಎಂದು ನನ್ನ ಮಗಳು ದೂರು ಕೊಟ್ಟರೆ, ಅವಳ ಮಟ್ಟಿಗೆ ಅದು ನಿಜವೇ ಆಗಿತ್ತು.

ಮೂರನೆಯದು ಮುಂಜಾನೆ ನಾಲ್ಕೂವರೆಯಿಂದ ಆರರವರೆಗಿನ ಸ್ವಂತ ಓದು. ಈ ಹೊತ್ತೂ ಪೂರ್ತಿ ನಮ್ಮದಲ್ಲ. ಕಾವೇರಿ ನೀರು ಬರುವ ದಿನ ಸಂಪ್ ತುಂಬಿತೇ ಎಂದು ಬಗ್ಗಿ ನೋಡಬೇಕು, ಮೋಟಾರ್ ಹಾಕಬೇಕು, ಮೇಲಿನ ಟ್ಯಾಂಕ್ ತುಂಬಿ ಹರಿಯುವ ಮೊದಲು ಆರಿಸಬೇಕು. ಅತ್ತೆಯವರಿಗೆ ಎಚ್ಚರವಾದರೆ ಸಕ್ಕರೆ ಪರೀಕ್ಷಿಸಿ ಬರೆದಿಡಬೇಕು. ಆದರೂ ಈ ವಿಧಾನ ಗೆದ್ದದ್ದು, ಅಡಚಣೆಗೆ ತಕ್ಕ ಓದನ್ನು ನಾವೇ ಆರಿಸಿಕೊಳ್ಳಬಹುದು ಎಂಬ ಕಾರಣಕ್ಕೆ. ಗಣಿತದ ಒಂದು ಲೆಕ್ಕ ಎರಡು ಮೂರು ನಿಮಿಷದ್ದು. ನಡುವೆ ಎದ್ದು ಹೋದರೂ ಹಾಳೆಯ ಮೇಲೆ ಬರೆದ ಹೆಜ್ಜೆಗಳು ಹಾಗೆಯೇ ಇರುತ್ತವೆ. ತರ್ಕದ ಸೆಟ್ ಹಾಗಲ್ಲ. ಐದು ಮಂದಿ, ಐದು ಊರು, ಐದು ವೃತ್ತಿಗಳ ಕೋಷ್ಟಕವನ್ನು ಅರ್ಧ ತುಂಬಿ, ಉಳಿದರ್ಧವನ್ನು ತಲೆಯಲ್ಲಿ ಹಿಡಿದುಕೊಂಡಿರುವಾಗ ಎದ್ದರೆ, ಅರ್ಧ ಬಿಡಿಸಿದ ರಂಗೋಲಿಯನ್ನು ಯಾರೋ ತುಳಿದಂತೆ. ಮತ್ತೆ ಮೊದಲಿನಿಂದಲೇ ಹಾಕಬೇಕು. ಹೀಗಾಗಿ ನೀರು ಬರುವ ದಿನ ಗಣಿತ, ಬಾರದ ದಿನ ತರ್ಕ ಎಂದು ಹಂಚಿಕೊಂಡೆ. ಯಾವ ಸಂಸ್ಥೆಯ ವೇಳಾಪಟ್ಟಿಯೂ ಜಲಮಂಡಳಿಯ ಸರದಿಯನ್ನು ನೋಡಿ ತಯಾರಾಗುವುದಿಲ್ಲ.

ಇಂಗ್ಲಿಷ್ ಗದ್ಯಭಾಗದ ಓದನ್ನು ಮನೆಯಿಂದ ಹೊರಗೇ ಸಾಗಿಸಿದೆ. 2025ರ ಆಗಸ್ಟ್‌ನಲ್ಲಿ ಮೆಟ್ರೋ ಹಳದಿ ಮಾರ್ಗ ತೆರೆದ ಮೇಲೆ ಎಲೆಕ್ಟ್ರಾನಿಕ್ ಸಿಟಿಯ ನನ್ನ ಕಚೇರಿಗೆ ಆರ್.ವಿ. ರಸ್ತೆಯಲ್ಲಿ ರೈಲು ಬದಲಿಸಿ ಹೋಗುತ್ತೇನೆ. ರಾಗಿಗುಡ್ಡದ ಹೊತ್ತಿಗೆ ಶುರು ಮಾಡಿದ ಗದ್ಯಭಾಗ, ನಾಲ್ಕು ಪ್ರಶ್ನೆಗಳ ಸಮೇತ, ಹೆಚ್ಚು ಕಡಿಮೆ ಸಿಲ್ಕ್ ಬೋರ್ಡ್ ದಾಟುವಷ್ಟರಲ್ಲಿ ಮುಗಿಯುತ್ತದೆ. ನಿಂತುಕೊಂಡೇ ಇದ್ದರೂ ಓದಬಹುದು, ಪೆನ್ನು ಬೇಕಿಲ್ಲ. ಬಡಾವಣೆಯ ಗ್ರಂಥಾಲಯವನ್ನೂ ನೋಡಿದ್ದಾಯಿತು. ಕೆಪಿಎಸ್‌ಸಿ ಪರೀಕ್ಷೆಗೆ ಓದುವ ಹುಡುಗರು ಬೆಳಿಗ್ಗೆಯೇ ಜಾಗ ಹಿಡಿದಿರುತ್ತಾರೆ, ಅವರ ಅಗತ್ಯ ನನ್ನದಕ್ಕಿಂತ ದೊಡ್ಡದು.

ಇನ್ನು ಪರೀಕ್ಷೆಯ ಆಯ್ಕೆ. ಐಐಎಂ ಎಂಬ ಕೇಂದ್ರ ಸರ್ಕಾರದ ಮ್ಯಾನೇಜ್‌ಮೆಂಟ್ ಸಂಸ್ಥೆಗಳು ನಡೆಸುವ ಕ್ಯಾಟ್, ಹಲವು ದೇಶಗಳ ಕಾಲೇಜುಗಳು ಒಪ್ಪುವ ಜಿಮ್ಯಾಟ್, ಈ ಎರಡರಲ್ಲಿ ಯಾವುದು ಕಷ್ಟ ಎಂಬ ಚರ್ಚೆಗಿಂತ, ಯಾವುದು ಸಂಸಾರಸ್ಥರನ್ನು ಕಾಯುತ್ತದೆ ಎಂದು ಕೇಳುವುದು ಉಪಯುಕ್ತ. ಕ್ಯಾಟ್ ವರ್ಷಕ್ಕೊಮ್ಮೆ, ನವೆಂಬರ್ ಕೊನೆಯಲ್ಲಿ ನಡೆಯುತ್ತದೆ. 2024ರಲ್ಲಿ 24ರಂದು, 2025ರಲ್ಲಿ 30ರಂದು ನಡೆಯಿತು. ನಮ್ಮ ಪಂಚಾಂಗವನ್ನು ಅದರ ಪಕ್ಕದಲ್ಲಿಟ್ಟು ನೋಡಿದರೆ, ತಯಾರಿ ಬಿರುಸಾಗಬೇಕಾದ ತಿಂಗಳುಗಳಲ್ಲೇ ಗೌರಿ-ಗಣೇಶ, ಪಿತೃಪಕ್ಷ, ನವರಾತ್ರಿ, ದೀಪಾವಳಿ ಸಾಲಾಗಿ ಬರುತ್ತವೆ, ದಸರಾ ರಜೆಗೆ ಮಕ್ಕಳು ಮನೆಯಲ್ಲೇ ಇರುತ್ತಾರೆ. ಆ ಒಂದು ಭಾನುವಾರ ಮಗುವಿಗೆ ಜ್ವರ ಬಂದರೆ ಮುಂದಿನ ವರ್ಷದವರೆಗೆ ಕಾಯಬೇಕು. ಐಐಎಂಗಳ ಮಟ್ಟಿಗೆ ಅಂಕದ ಆಯುಷ್ಯವೂ ಒಂದೇ ವರ್ಷದ್ದು.

ಜಿಮ್ಯಾಟ್‌ನಲ್ಲಿ ದಿನಾಂಕವನ್ನು ನಾವೇ ಆರಿಸಿಕೊಳ್ಳುತ್ತೇವೆ; ಅಂಕ ಐದು ವರ್ಷ ಸಲ್ಲುತ್ತದೆ; ತೃಪ್ತಿಯಾಗದಿದ್ದರೆ 16 ದಿನ ಬಿಟ್ಟು ಮತ್ತೆ ಬರೆಯಬಹುದು, ಹನ್ನೆರಡು ತಿಂಗಳಲ್ಲಿ ಐದು ಬಾರಿಯವರೆಗೆ. 45 ನಿಮಿಷಗಳ ಮೂರು ವಿಭಾಗ, ಒಟ್ಟು 64 ಪ್ರಶ್ನೆ. ಹಳೆಯ ಮಾದರಿಯಲ್ಲಿದ್ದ ರೇಖಾಗಣಿತವನ್ನು ಈಗ ತೆಗೆದಿದ್ದಾರೆ. ಆದರೆ ಈ ಸಡಿಲಿಕೆಗೆ ಬೆಲೆಯಿದೆ. 2024ರ ಕ್ಯಾಟ್‌ಗೆ ಸಾಮಾನ್ಯ ವರ್ಗದವರು ಕಟ್ಟಿದ್ದು 2500 ರೂಪಾಯಿ, ಜಿಮ್ಯಾಟ್ ಶುಲ್ಕ ಇಪ್ಪತ್ತು ಸಾವಿರ ದಾಟುತ್ತದೆ. ಐಐಎಂಗಳ ಎರಡು ವರ್ಷದ ಪೂರ್ಣಾವಧಿ ಕೋರ್ಸ್‌ಗೆ ಇಲ್ಲಿನವರು ಕ್ಯಾಟ್ ಬರೆಯಲೇಬೇಕು. ಜಿಮ್ಯಾಟ್ ಹೆಚ್ಚಾಗಿ ಉಪಯೋಗಕ್ಕೆ ಬರುವುದು ಅನುಭವ ಇರುವವರ ಒಂದು ವರ್ಷದ ಕೋರ್ಸ್‌ಗಳಿಗೆ. ಬನ್ನೇರುಘಟ್ಟ ರಸ್ತೆಯ ಐಐಎಂನಲ್ಲಿ ಉದ್ಯೋಗಸ್ಥರಿಗೆಂದೇ ಇರುವ ವಾರಾಂತ್ಯದ ಪಿಜಿಪಿಇಎಂ ಕೋರ್ಸ್ ಎರಡೂ ಅಂಕಗಳನ್ನು ಪರಿಗಣಿಸುತ್ತದೆ, ಊರು ಬಿಡಲಾಗದ ನನ್ನಂಥವರ ಕಣ್ಣು ಅದರ ಮೇಲೆಯೇ. ಅತ್ತೆಯವರ ತಪಾಸಣೆಯ ದಿನಗಳನ್ನೂ ಮಗಳ ಪರೀಕ್ಷೆಗಳನ್ನೂ ಗುರುತು ಹಾಕಿದ ಕ್ಯಾಲೆಂಡರ್ ನೋಡಿ, ಖಾಲಿಯಿದ್ದ ಜೂನ್ ತಿಂಗಳಿಗೆ ನಾನು ಜಿಮ್ಯಾಟ್ ಆರಿಸಿಕೊಂಡೆ. ವಯಸ್ಸು ಚಿಕ್ಕದಿದ್ದು, ಹಾಸ್ಟೆಲಿಗೆ ಹೋಗಲು ಅಡ್ಡಿಯಿಲ್ಲದವರಿಗೆ ಇದೇ ತರ್ಕ ಕ್ಯಾಟ್ ಕಡೆಗೆ ಕೈ ತೋರಿಸುತ್ತದೆ. ಜಿಮ್ಯಾಟ್ ಅನ್ನು ಮನೆಯಲ್ಲೇ ಕುಳಿತು ಬರೆಯುವ ಅವಕಾಶವೂ ಇದೆ, ಆದರೆ ಆ ಹೊತ್ತಿನಲ್ಲಿ ಕೋಣೆಯೊಳಗೆ ಬೇರೆ ಯಾರೂ ಕಾಲಿಡಕೂಡದು. ಅಜ್ಜಿಗೂ ಮೊಮ್ಮಗಳಿಗೂ ಒಂದೇ ಸ್ನಾನದ ಮನೆ, ಅದೂ ಆ ಕೋಣೆಗೇ ಅಂಟಿಕೊಂಡಿರುವಾಗ, ಪರೀಕ್ಷಾ ಕೇಂದ್ರಕ್ಕೆ ಹೋಗುವುದೇ ಕ್ಷೇಮ.

ಮಾಕ್ ಪರೀಕ್ಷೆಗೆ ಮಾತ್ರ ಮುಂಜಾನೆಯ ಹೊತ್ತು ಸಾಲದು. ಎರಡು ಕಾಲು ಗಂಟೆ ಮುರಿಯದೆ ಕುಳಿತರಷ್ಟೇ ಅದಕ್ಕೆ ಅರ್ಥ. ಹೀಗಾಗಿ ಕೋಚಿಂಗ್ ತರಗತಿಯ ಪಾಠಗಳನ್ನು ಬಿಟ್ಟರೂ ಅಲ್ಲಿನ ಮಾಕ್ ಸರಣಿಯನ್ನು ಉಳಿಸಿಕೊಂಡಿದ್ದೇನೆ, ಶನಿವಾರಗಳಂದು ಅಲ್ಲಿಯೇ ಹೋಗಿ ಬರೆಯುತ್ತೇನೆ. ಆ ದಿನ ಇನ್ಸುಲಿನ್ ಹೊಣೆ ಯಜಮಾನರದು. ಎಷ್ಟು ಯೂನಿಟ್, ಊಟಕ್ಕೆ ಎಷ್ಟು ಹೊತ್ತು ಮೊದಲು ಎಂಬುದನ್ನು ಬರೆದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ ಮೇಲೆ ನನಗೆ ಪರೀಕ್ಷೆಯ ನಡುವೆ ಫೋನ್ ನೋಡುವ ತವಕ ಕಡಿಮೆಯಾಯಿತು. ಮಾಕ್ ಮುಗಿದ ಮೇಲಿನ ವಿಶ್ಲೇಷಣೆ, ಅಂದರೆ ಯಾವ ಪ್ರಶ್ನೆಗೆ ಎಷ್ಟು ಹೊತ್ತು ಹೋಯಿತು, ಯಾವುದನ್ನು ಬಿಡಬೇಕಿತ್ತು ಎಂದು ನೋಡುವ ಕೆಲಸ, ತುಂಡು ತುಂಡಾಗಿ ಮಾಡಿದರೂ ಕೆಡುವುದಿಲ್ಲ. ಅದನ್ನು ಭಾನುವಾರ, ಗೃಹಪ್ರವೇಶದ ಊಟದ ಪಂಕ್ತಿಗೆ ಕಾಯುತ್ತಾ ಕೂತಾಗಲೂ ಮಾಡಬಹುದು, ನಾನು ಮಾಡುವುದೂ ಹಾಗೆಯೇ.