ಮಕ್ಕಳ ಜೊತೆ ಚಿಕ್ಕಮಗಳೂರಿಗೆ ಬಂದರೆ ರತ್ನಗಿರಿ ಬೋರೆ ತಪ್ಪಿಸಬೇಡಿ

ಚಿಕ್ಕಮಗಳೂರಿಗೆ ಬಂದವರೆಲ್ಲ ಸೀದಾ ಮುಳ್ಳಯ್ಯನಗಿರಿ ಕಡೆ ಗಾಡಿ ತಿರುಗಿಸುತ್ತಾರೆ. ದೊಡ್ಡವರಿಗೆ ಸರಿ. ಆದರೆ ಸಣ್ಣ ಮಕ್ಕಳಿದ್ದರೆ ಘಾಟಿ ತಿರುವಿನಲ್ಲೇ ಒಂದೆರಡು ವಾಂತಿ ಆಗುತ್ತದೆ, ರಜಾ ದಿನವಾದರೆ ಗಾಡಿಗಳ ಸಾಲು ಬೇರೆ, ಅಷ್ಟೆಲ್ಲ ಆದ ಮೇಲೂ ಮೆಟ್ಟಿಲು ಹತ್ತಬೇಕು, ಅಷ್ಟು ಹೊತ್ತಿಗೆ ಮಗು ಎತ್ತಿಕೋ ಅಂತ ಹಟ ಶುರು ಮಾಡಿರುತ್ತದೆ. ಅಂಥವರು ಮೊದಲು ಊರಲ್ಲೇ ಇರುವ ರತ್ನಗಿರಿ ಬೋರೆಗೆ ಹೋಗಿ.

ಇದರ ಹೆಸರು ಮಹಾತ್ಮ ಗಾಂಧಿ ಉದ್ಯಾನ. ಆಟೋದವರಿಗೆ ರತ್ನಗಿರಿ ಬೋರೆ ಅಂದರೆ ಸಾಕು. ದಿಣ್ಣೆಯ ಮೇಲೆ ಇರುವುದರಿಂದ ಗಾಳಿ ಚೆನ್ನಾಗಿ ಬೀಸುತ್ತದೆ. ಉಯ್ಯಾಲೆ, ಜಾರುಬಂಡೆ, ಓಡಾಡಲು ಬೇಕಾದಷ್ಟು ಜಾಗ. ಪುಟಾಣಿ ರೈಲು, ಸಂಗೀತ ಕಾರಂಜಿ ನೋಡಲೆಂದೇ ಹೋಗುವುದಾದರೆ ಅವತ್ತು ನಡೆಯುತ್ತವಾ ಅಂತ ಗೇಟಿನಲ್ಲೇ ಕೇಳಿಕೊಳ್ಳಿ, ಮಕ್ಕಳಿಗೆ ಸುಮ್ನೆ ಆಸೆ ಹುಟ್ಟಿಸಬೇಡಿ.

ನನಗೆ ತುಂಬಾ ಇಷ್ಟ ಆಗುವುದು ಇಲ್ಲಿಂದ ಕಾಣುವ ಚಂದ್ರದ್ರೋಣ ಬೆಟ್ಟದ ಸಾಲು. 1930 ಮೀಟರ್ ಎತ್ತರದ ಮುಳ್ಳಯ್ಯನಗಿರಿ, ಕರ್ನಾಟಕದಲ್ಲೇ ಎತ್ತರದ ಶಿಖರ, ಅದನ್ನು ಇಲ್ಲೇ ನಿಂತು ಬೆರಳು ಮಾಡಿ ತೋರಿಸಬಹುದು. ಹಾಸನದಿಂದ ಅಕ್ಕನ ಮಗಳು ಬಂದಿದ್ದಳು, ಒಂಬತ್ತು ವರ್ಷ. ಮೋಡ ಬಂದು ಬೆಟ್ಟದ ತುದಿ ಮುಚ್ಚಿತು, ಆಮೇಲೆ ನಿಧಾನಕ್ಕೆ ಕೆಳಗಿನಿಂದ ಬಿಡಿಸಿಕೊಳ್ಳುತ್ತಾ ಹೋಯಿತು, ಅವಳು ಉಯ್ಯಾಲೆ ಬಿಟ್ಟು ಬಂದು ಕಂಬಿ ಹಿಡಿದು ನಿಂತಳು. ಆ ಬೆಟ್ಟಗಳಲ್ಲಿ 2022ರಲ್ಲಿ ಕುರಿಂಜಿ ಅರಳಿತ್ತು, ಅದು ಹೂ ಬಿಡುವುದು 12 ವರ್ಷಕ್ಕೊಮ್ಮೆ ಅಂದೆ. ಬೆರಳು ಮಡಚಿ ಲೆಕ್ಕ ಹಾಕಿ, "ಹಂಗಾದ್ರೆ 2034ಕ್ಕೆ ನಾನು ಕಾಲೇಜಲ್ಲಿ ಇರ್ತೀನಿ ಮಾಮಾ, ಆಗ ಕರ್ಕೊಂಡು ಹೋಗ್ತೀಯಾ?" ಅಂತ ಕೇಳಿದಳು. ಬಾಬಾ ಬುಡನ್ ಯೆಮನ್‌ನಿಂದ ಏಳು ಕಾಫಿ ಬೀಜ ತಂದ ಕಥೆಯನ್ನೂ ಅದೇ ಗುಡ್ಡ ತೋರಿಸುತ್ತಾ ಹೇಳಿದೆ. ಪಾಠದ ಪುಸ್ತಕದಲ್ಲಿ ಓದಿದ್ದಕ್ಕಿಂತ ಹೀಗೆ ಕೇಳಿದ್ದು ಜಾಸ್ತಿ ನೆನಪಿರುತ್ತದೆ, ಅಲ್ವಾ?

ಮಳೆಗಾಲದಲ್ಲಿ ಹೋಗುವವರು ಒಂದು ಹಳೇ ಟವೆಲ್ ಇಟ್ಟುಕೊಳ್ಳಿ. ಸೋನೆ ಬಿದ್ದ ಮೇಲೆ ಉಯ್ಯಾಲೆ, ಜಾರುಬಂಡೆ ಎಲ್ಲ ಒದ್ದೆ, ಒರೆಸಿ ಕೂರಿಸಬೇಕು. ಇನ್ನೊಂದು ಜೊತೆ ಬಟ್ಟೆಯೂ ಇರಲಿ. ಬೇಸಿಗೆಯಲ್ಲಿ ಮಧ್ಯಾಹ್ನ ಬೇಡವೇ ಬೇಡ, ನಾಲ್ಕೂವರೆ ಮೇಲೆ ಹೋಗಿ. ಸಂಜೆ ಚಳಿಗೆ ಸ್ವೆಟರ್ ಬೇಕು. ಚುರುಮುರಿ ಕೊಡಿಸುವುದಾದರೆ ಖಾರ ಕಮ್ಮಿ ಅಂತ ಮೊದಲೇ ಹೇಳಿ.

ನನಗೆ ನಿಜಕ್ಕೂ ಹೊಟ್ಟೆ ಉರಿಯುವುದು ಬಂದವರು ಗಿಡದ ಸಂದಿಗೆ ತುರುಕಿ ಹೋಗುವ ಚಿಪ್ಸ್ ಪ್ಯಾಕೆಟ್ ನೋಡಿದಾಗ. ಮಕ್ಕಳ ಎದುರೇ ಹಾಗೆ ಮಾಡುತ್ತಾರೆ. ದಯವಿಟ್ಟು ಬೇಡ, ಬ್ಯಾಗಿನಲ್ಲಿ ಹಾಕಿಕೊಂಡು ಹೋಗಿ.

ಐದಕ್ಕೆ ನಾಲ್ಕೂವರೆ ಸ್ಟಾರ್ ಕೊಡುತ್ತೇನೆ. ಅಜ್ಜಿ ತಾತ ಜೊತೆಗಿದ್ದರೆ ಆಟೋದವರಿಗೆ ಗೇಟಿನ ತನಕ ಬಿಡಲು ಹೇಳಿ, ಏರು ಹತ್ತುವ ಕಷ್ಟ ತಪ್ಪುತ್ತದೆ.