ಕನ್ನಡ ಮಾತಿಗೆ ಬಾಯಿ ಹೊಂದಿಸೋಕೆ ಯಾವುದು ವಾಸಿ: ಬ್ಲೆಂಡರ್, ಓಪನ್‌ಟೂನ್ಜ್, ಕ್ರಿತಾ

ನಮ್ಮ ದಾವಣಗೆರೆಯ ಮಂಡಕ್ಕಿ ಭಟ್ಟಿ ಮೇಲೆ ಒಂದು ಪುಟ್ಟ ಅನಿಮೇಷನ್ ಮಾಡುತ್ತಿದ್ದೇನೆ. ಕಥೆ ಅಂಥದ್ದೇನಿಲ್ಲ. ಕಾದ ಮರಳಲ್ಲಿ ಅಕ್ಕಿ ಚಟಪಟ ಅರಳುತ್ತದೆ, ಆಮೇಲೆ ಅಂಗಡಿ ಮುಂದೆ ಒಬ್ಬ ಅಜ್ಜಿ ಬಂದು "ಖಾರ ಬ್ಯಾಡ, ನರ್ಗೀಸ್ ಮಂಡಕ್ಕಿ ಕೊಡಪ್ಪಾ, ಜೊತಿಗೆ ಎರಡು ಮಿರ್ಚಿ" ಅನ್ನುತ್ತಾಳೆ. ಚಿತ್ರ ಬರೆಯೋದು ಹೇಗೋ ಆಯಿತು, ಬೆವರಿಳಿದಿದ್ದು ಧ್ವನಿ ಕೂರಿಸುವಾಗ. ಅದಕ್ಕೇ ಒಂದೇ ದೃಶ್ಯವನ್ನು ಮೂರು ಕಡೆ ಮಾಡಿ ನೋಡಿದೆ. ಮೂರೂ ಪುಕ್ಕಟೆ ಸಾಫ್ಟ್‌ವೇರ್.

ಕ್ರಿತಾದ್ದು ಬೇಗ ಹೇಳಿ ಮುಗಿಸುತ್ತೇನೆ. ಚಿತ್ರ ಬರೆಯೋಕೆ ಇದರಷ್ಟು ಹಿತವಾದದ್ದು ಇನ್ನೊಂದಿಲ್ಲ. ಆಡಿಯೊ ಹಾಕಬಹುದು, 5.2 ಆವೃತ್ತಿಯಿಂದ ಚಿತ್ರ-ಧ್ವನಿ ಜೊತೆಯಾಗಿ ಓಡೋದೂ ಎಷ್ಟೋ ಸುಧಾರಿಸಿದೆ. ಆದರೆ ನಾನು ಬಳಸಿದ್ದರಲ್ಲಿ ಟೈಮ್‌ಲೈನ್ ಮೇಲೆ ವೇವ್‌ಫಾರ್ಮ್, ಅಂದರೆ ಧ್ವನಿಯ ಅಲೆಯ ಚಿತ್ರ, ಕಾಣಲಿಲ್ಲ. ಮಾತು ಎಲ್ಲಿ ಶುರು, ಎಲ್ಲಿ ನಿಂತಿತು ಅಂತ ಕಿವಿಯಲ್ಲೇ ಹುಡುಕಬೇಕು. ಹಿನ್ನೆಲೆ ಸಂಗೀತ ಮಾತ್ರ ಇರೋ ಕೆಲಸಕ್ಕೆ ಸಾಕು, ಮಾತಾಡೋ ಪಾತ್ರಕ್ಕೆ ಬೇಡ.

ನಿಜವಾದ ಪೈಪೋಟಿ ಉಳಿದ ಎರಡರದ್ದು.

ಬ್ಲೆಂಡರ್‌ನಲ್ಲಿ ಧ್ವನಿ ಹಾಕೋದು ವಿಡಿಯೊ ಸೀಕ್ವೆನ್ಸರ್‌ನಲ್ಲಿ, ಅಂದರೆ ದೃಶ್ಯ, ಧ್ವನಿ ಜೋಡಿಸೋ ಜಾಗದಲ್ಲಿ. ಹಾಕಿದ ತಕ್ಷಣ ಒಂದು ಕೆಲಸ ಮಾಡಿ: ಟೈಮ್‌ಲೈನ್‌ನ ಪ್ಲೇಬ್ಯಾಕ್ ಮೆನುಗೆ ಹೋಗಿ 'ಸಿಂಕ್ ಟು ಆಡಿಯೊ' ಆರಿಸಿ, ಅಲ್ಲೇ 'ಆಡಿಯೊ ಸ್ಕ್ರಬಿಂಗ್' ಕೂಡ ಟಿಕ್ ಮಾಡಿ. ಮೊದಲಿಗೆ ಅಲ್ಲಿರೋದು 'ಪ್ಲೇ ಎವೆರಿ ಫ್ರೇಮ್'. ಅಂದರೆ ದೃಶ್ಯ ಭಾರ ಆದರೆ ಚಿತ್ರ ಕುಂಟುತ್ತದೆ, ಧ್ವನಿ ತನ್ನ ಪಾಡಿಗೆ ಮುಂದೆ ಹೋಗುತ್ತದೆ, ಸಿಂಕ್ (ಚಿತ್ರ-ಧ್ವನಿಯ ಹೊಂದಿಕೆ) ಸರಿಯಾಗೇ ಇದ್ದರೂ ತಪ್ಪಿದೆ ಅನಿಸುತ್ತದೆ, ಸುಮ್ನೆ ಕೀಫ್ರೇಮ್ (ಚಲನೆಯ ಗುರುತು) ಎಳೆದಾಡುತ್ತಾ ಕೂರುತ್ತೀರಿ. ಸ್ಕ್ರಬಿಂಗ್ ಇದ್ದರೆ ಪ್ಲೇಹೆಡ್ (ಈಗಿನ ಫ್ರೇಮ್ ತೋರಿಸೋ ಗೆರೆ) ಎಳೆದ ಹಾಗೆ ಆ ಫ್ರೇಮಿನ ಚೂರು ಶಬ್ದ ಕೇಳುತ್ತದೆ.

ಬ್ಲೆಂಡರ್ ಗೆದ್ದದ್ದು ಭಟ್ಟಿಯ ದೃಶ್ಯದಲ್ಲಿ. ಶಬ್ದದ ಏರಿಳಿತವನ್ನೇ ಗ್ರಾಫ್ ಎಡಿಟರ್‌ನಲ್ಲಿ ಚಲನೆ ನಡೆಸೋ ಗೆರೆ (ಕರ್ವ್) ಮಾಡಿಕೊಡೋ ಸೌಲಭ್ಯ ಇದರಲ್ಲಿದೆ, ಯಾವ ಫ್ರೀಕ್ವೆನ್ಸಿಯಿಂದ ಯಾವುದರವರೆಗೆ ಅಂತಲೂ ಹೇಳಬಹುದು. ಭಟ್ಟಿಯ ಗದ್ದಲದಲ್ಲಿ ಬೆಂಕಿಯ ಗುಂಯ್ ಕೆಳಗಿನ ಫ್ರೀಕ್ವೆನ್ಸಿಯದ್ದು, ಚಟಪಟ ಮೇಲಿನದ್ದು. ಮೇಲಿನದ್ದನ್ನಷ್ಟೇ ತೆಗೆದುಕೊಂಡು ಕಾಳು ಜಿಗಿಯೋದಕ್ಕೆ ಕಟ್ಟಿದೆ. ಒಂದೊಂದು ಚಟ್‌ಗೂ ಕಾಳು ತಾನಾಗೇ ಎಗರುತ್ತದೆ! ಕೈಯಲ್ಲಿ ಮಾಡಿದ್ದರೆ ವಾರ ಹೋಗುತ್ತಿತ್ತು.

ಆದರೆ ಅಜ್ಜಿ ಮಾತಿಗೆ ನನ್ನ ಓಟು ಓಪನ್‌ಟೂನ್ಜ್‌ಗೆ. ಜಪಾನಿನ ಜಿಬ್ಲಿ ಸ್ಟುಡಿಯೊ ಬಳಸುತ್ತಿದ್ದ ಟೂನ್ಜ್ ಇದು, 2016ರಲ್ಲಿ ಎಲ್ಲರಿಗೂ ಮುಕ್ತವಾಯಿತು. ಇದರ ಎಕ್ಸ್‌ಶೀಟ್‌ನಲ್ಲಿ ಫ್ರೇಮುಗಳು ಮೇಲಿನಿಂದ ಕೆಳಗೆ ಇಳಿಯುತ್ತವೆ, ಧ್ವನಿಯ ಕಾಲಂ ಪಕ್ಕದಲ್ಲೇ ಬಾಯಿಯ ಕಾಲಂ. ಅಲೆ ಎಲ್ಲಿ ಉಬ್ಬಿದೆಯೋ ಅದೇ ಸಾಲಿನಲ್ಲಿ ಬಾಯಿ ತೆರೆದ ಚಿತ್ರದ ನಂಬರ್ ಬರೆದರೆ ಮುಗಿಯಿತು, ಹಳೇ ಅಂಗಡಿಯ ಲೆಕ್ಕದ ಪುಸ್ತಕ ಬರೆದ ಹಾಗೆ. ನೋಡೋಕೆ ಹಳೇ ಕಾಲದ್ದು ಅನಿಸುತ್ತೆ, ಕೆಲಸ ಮಾತ್ರ ಬೇಗ ಸಾಗುತ್ತೆ.

ಬಾಯಿಯ ಆಕಾರಗಳನ್ನು ಕಂಪ್ಯೂಟರೇ ಹುಡುಕಿಕೊಡಲಿ ಅಂದರೆ ಅಲ್ಲೂ ಎರಡು ದಾರಿ. ಒಂದು, ಪಾಪಗಾಯೊ ಅನ್ನೋ ಬೇರೆ ಸಾಫ್ಟ್‌ವೇರ್. ಅದರಲ್ಲಿ ಮಾತನ್ನು ಟೈಪ್ ಮಾಡಿ, ಪದಗಳನ್ನು ಅಲೆಯ ಮೇಲೆ ಎಳೆದು ಕೂರಿಸಬೇಕು. ಇಂಗ್ಲಿಷ್ ಪದವಾದರೆ ಅದೇ ಬಿಡಿಸಿಕೊಳ್ಳುತ್ತದೆ. ಕನ್ನಡಕ್ಕೆ ಒಂದೊಂದು ಪದದ ಉಚ್ಚಾರಣೆಯನ್ನೂ ನಾವೇ ಬರೆದುಕೊಡಬೇಕು. ಎರಡು ಸಾಲಿನ ಮಾತಿಗೆ ಪರವಾಗಿಲ್ಲ, ಅದಕ್ಕಿಂತ ಜಾಸ್ತಿ ಆದರೆ ತಲೆನೋವು. ಇನ್ನೊಂದು ಸಾಫ್ಟ್‌ವೇರ್ ರೂಬಾರ್ಬ್. ಅದರಲ್ಲಿ 'ಫೊನೆಟಿಕ್' ಅನ್ನೋ ಆಯ್ಕೆ ಇದೆ. ಅದಕ್ಕೆ ಭಾಷೆಯ ಹಂಗಿಲ್ಲ, ವೇವ್ ಫೈಲ್ ಕೊಟ್ಟರೆ ಯಾವ ಕ್ಷಣಕ್ಕೆ ಯಾವ ಬಾಯಿ ಅಂತ ಪಟ್ಟಿ ಕೊಡುತ್ತದೆ. ಮುಖ್ಯವಾದ ಆಕಾರ ಆರು, ಬೇಕಾದರೆ ಇನ್ನೂ ಮೂರು.

ನಾನು ರೂಬಾರ್ಬನ್ನೇ ಇಟ್ಟುಕೊಂಡೆ. ಆದರೆ ಕಣ್ಣು ಮುಚ್ಚಿ ನಂಬೋಕಾಗಲ್ಲ. "ಕೊಡಪ್ಪಾ" ನೋಡಿ. 'ಪ್ಪ'ದಲ್ಲಿ ಅಜ್ಜಿಯ ತುಟಿ ಸರಿಯಾಗಿ ನಾಲ್ಕು ಫ್ರೇಮ್ ಮುಚ್ಚಿರುತ್ತೆ. ರೂಬಾರ್ಬ್ ಕೊಟ್ಟದ್ದು ಎರಡೇ. ನಮ್ಮ ಮಾತಲ್ಲಿ ಒತ್ತಕ್ಷರ ಎಷ್ಟೊಂದು, ಅಲ್ವಾ? ಅಪ್ಪ, ಅಮ್ಮ, ಹಬ್ಬ, ಎಲ್ಲದರಲ್ಲೂ ತುಟಿ ಒಂದು ಗಳಿಗೆ ನಿಲ್ಲುತ್ತದೆ. ಆ ನಿಲುಗಡೆ ಇಲ್ಲದಿದ್ದರೆ ಅಜ್ಜಿ ಡಬ್ಬಿಂಗ್ ಸಿನಿಮಾದವಳ ಹಾಗೆ ಕಾಣುತ್ತಾಳೆ. ಹಾಗಾಗಿ ಪ, ಬ, ಮ ಇರೋ ಜಾಗಗಳನ್ನು ಮಾತ್ರ ಕೈಯಲ್ಲಿ ತಿದ್ದಿದೆ, ಉಳಿದದ್ದು ಹಾಗೇ ಬಿಟ್ಟೆ, ಯಾರ ಕಣ್ಣಿಗೂ ಬೀಳಲಿಲ್ಲ. ಮೈಯನ್ನು ಎರಡು ಫ್ರೇಮಿಗೊಂದು ಚಿತ್ರದಂತೆ ಮಾಡಿದರೂ ಬಾಯಿಯನ್ನು ಫ್ರೇಮಿಗೊಂದರಂತೆ ಇಡಿ, ಇಲ್ಲದಿದ್ದರೆ ಚಿಕ್ಕ 'ಮ'ಗಳು ನುಂಗಿಹೋಗುತ್ತವೆ.

ಎಷ್ಟು ಹೆಚ್ಚುಕಮ್ಮಿ ಆದರೆ ಗೊತ್ತಾಗುತ್ತೆ ಅನ್ನೋದಕ್ಕೆ ಟಿವಿ ಪ್ರಸಾರದವರ ಅಂತರರಾಷ್ಟ್ರೀಯ ಲೆಕ್ಕವೇ ಇದೆ. ಧ್ವನಿ ಸುಮಾರು 45 ಮಿಲಿಸೆಕೆಂಡ್ ಮೊದಲೇ ಬಂದರೆ ಜನರಿಗೆ ತಿಳಿಯುತ್ತದೆ, ತಡವಾದರೆ 125ರವರೆಗೂ ತಿಳಿಯುವುದಿಲ್ಲ. ಸೆಕೆಂಡಿಗೆ 24 ಫ್ರೇಮಿನ ಲೆಕ್ಕದಲ್ಲಿ ಒಂದು ಫ್ರೇಮ್ ಅಂದರೆ ಸುಮಾರು 42 ಮಿಲಿಸೆಕೆಂಡ್. ಅನುಮಾನ ಇದ್ದರೆ ಬಾಯನ್ನು ಒಂದೆರಡು ಫ್ರೇಮ್ ಮುಂಚೆಯೇ ತೆರೆಸಿ, ತಡ ಮಾಡಬೇಡಿ. ಇದನ್ನೆಲ್ಲ ಬ್ಲೂಟೂತ್ ಇಯರ್‌ಫೋನ್ ಹಾಕಿಕೊಂಡು ಪರೀಕ್ಷೆ ಮಾಡಬೇಡಿ ಮಾರಾಯ್ರೆ, ಅದರ ತಡವೇ 100-200 ಮಿಲಿಸೆಕೆಂಡ್ ಇರುತ್ತೆ. ವೈರ್ ಇರೋದು ತಗೊಳ್ಳಿ.

ಬ್ಲೆಂಡರ್, ಓಪನ್‌ಟೂನ್ಜ್ ಎರಡಕ್ಕೂ ಧ್ವನಿಯನ್ನು 48,000 ಹರ್ಟ್ಸ್ (ಸೆಕೆಂಡಿಗೆ ಅಷ್ಟು ಸ್ಯಾಂಪಲ್, ಅಂದರೆ ಧ್ವನಿಯ ಅಳತೆ) ವೇವ್ ಫೈಲ್ ಮಾಡಿಯೇ ಕೊಟ್ಟೆ. 24 ಫ್ರೇಮಿಗೆ ಭಾಗಿಸಿದರೆ ಫ್ರೇಮಿಗೆ ಸರಿಯಾಗಿ 2,000 ಸ್ಯಾಂಪಲ್, 44,100 ಆದರೆ 1,837.5, ಅರ್ಧ ಉಳಿಯುತ್ತೆ. ಎಂಪಿ3 ಆದರೆ ಶುರುವಿನಲ್ಲಿ ಒಂಚೂರು ಮೌನ ಸೇರಿಕೊಳ್ಳುತ್ತದೆ, ಯಾಕೆ ಬೇಕು ಆ ರಗಳೆ.

ಈಗ ಅಜ್ಜಿಯ ದೃಶ್ಯ ಓಪನ್‌ಟೂನ್ಜ್‌ನಲ್ಲಿ ಮುಗಿಸಿ, ಪಿಎನ್‌ಜಿ ಚಿತ್ರಗಳ ಸಾಲಾಗಿ ಹೊರತೆಗೆದು, ಬ್ಲೆಂಡರ್‌ನ ಸೀಕ್ವೆನ್ಸರ್‌ಗೆ ತಂದು ಭಟ್ಟಿಯ ದೃಶ್ಯದ ಜೊತೆ ಸೇರಿಸುತ್ತಿದ್ದೇನೆ. ರೆಂಡರ್ ಒತ್ತುವ ಮುಂಚೆ ಔಟ್‌ಪುಟ್‌ನಲ್ಲಿ ಆಡಿಯೊ ಕೋಡೆಕ್ (ಧ್ವನಿಯನ್ನು ಯಾವ ರೂಪದಲ್ಲಿ ಉಳಿಸಬೇಕು ಅನ್ನೋದು) ನೋಡಿಕೊಳ್ಳಿ. 'ನೋ ಆಡಿಯೊ' ಅಂತಿದ್ದರೆ ಎಎಸಿ ಮಾಡಿ, ಇಲ್ಲದಿದ್ದರೆ ರಾತ್ರಿಯೆಲ್ಲ ರೆಂಡರ್ ಆಗಿ ಬೆಳಿಗ್ಗೆ ಮೂಕಿ ಚಿತ್ರ ಸಿಗುತ್ತದೆ.