ಓಆರ್‌ಎಸ್ ಪುಡಿ: ವಯಸ್ಸಾದವರಿಗೆ ಚಿಕ್ಕ ಪೊಟ್ಟಣವೇ ವಾಸಿ

ನೊರೊವೈರಸ್ ಎಂಬ ವೈರಾಣು ತರುವ ವಾಂತಿ–ಭೇದಿ ಹೆಚ್ಚಿನವರಿಗೆ ಒಂದರಿಂದ ಮೂರು ದಿನದಲ್ಲಿ ತಾನಾಗಿಯೇ ನಿಲ್ಲುತ್ತದೆ. ವಯಸ್ಸಾದವರಿಗೆ ಆ ಮೂರು ದಿನ ದಾಟುವುದೇ ಕಷ್ಟ. ಬಾಯಾರಿಕೆ ಸರಿಯಾಗಿ ಗೊತ್ತಾಗುವುದಿಲ್ಲ, ನೀರು ಹಿಡಿದಿಟ್ಟುಕೊಳ್ಳುವ ಕಿಡ್ನಿಯ ಶಕ್ತಿಯೂ ಕುಗ್ಗಿರುತ್ತದೆ. ಮೂತ್ರ ಹೆಚ್ಚಿಸುವ ಮಾತ್ರೆ ಬೇರೆ ನಡೆಯುತ್ತಿದ್ದರೆ ಬಿಪಿ ಕುಸಿದು ಬೀಳುವ ಭಯ.

ಹೀಗೆ ಕಳೆದುಹೋದ ನೀರು, ಉಪ್ಪನ್ನು ತುಂಬಿಕೊಡುವುದು ಓಆರ್‌ಎಸ್, ಅಂದರೆ ನೀರಿಗೆ ಕಲಸಿ ಕುಡಿಯುವ ಉಪ್ಪು–ಗ್ಲೂಕೋಸ್ ಪುಡಿ. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದ ಪುಡಿಯಲ್ಲಿ ಒಂದು ಲೀಟರಿಗೆ 13.5 ಗ್ರಾಂ ಗ್ಲೂಕೋಸ್, 2.6 ಗ್ರಾಂ ಉಪ್ಪು, 2.9 ಗ್ರಾಂ ಸಿಟ್ರೇಟ್, 1.5 ಗ್ರಾಂ ಪೊಟ್ಯಾಸಿಯಂ ಕ್ಲೋರೈಡ್ ಇರುತ್ತದೆ, ಒಟ್ಟು 20.5 ಗ್ರಾಂ. ಕರುಳು ಗ್ಲೂಕೋಸ್ ಮತ್ತು ಸೋಡಿಯಂ ಎರಡನ್ನೂ ಜೊತೆಯಾಗಿ ಹೀರುತ್ತದೆ, ಅವುಗಳ ಬೆನ್ನಿಗೆ ನೀರೂ ಒಳಹೋಗುತ್ತದೆ. ಸಕ್ಕರೆ ಹೆಚ್ಚಿದರೆ ಉಲ್ಟಾ: ನೀರು ಕರುಳಿಗೇ ಇಳಿದು ಭೇದಿ ಜಾಸ್ತಿ. ಹಣ್ಣಿನ ರುಚಿಯ ಸಿಹಿ ಪಾನೀಯದ ಡಬ್ಬಿಗಳು ಓಆರ್‌ಎಸ್ ಪಕ್ಕದಲ್ಲೇ ಕೂತಿದ್ದರೂ ಈ ಕೆಲಸಕ್ಕೆ ಬರುವುದಿಲ್ಲ. ಹೆಸರು ಬಿಡಿ, ಹಿಂಬದಿಯ ಪಟ್ಟಿ ಓದಿ.

ಪುಡಿಯ ಬಗ್ಗೆ ತಕರಾರಿಲ್ಲ, ತಕರಾರು ಪೊಟ್ಟಣದ ಬಗ್ಗೆ. ಲೀಟರಿನ ಪೊಟ್ಟಣವನ್ನು ಒಂದೇ ಲೋಟಕ್ಕೆ ಸುರಿದುಕೊಂಡರೆ ಉಪ್ಪು ಐದು ಪಟ್ಟಾಗುತ್ತದೆ. ಅಂದಾಜಿಗೆ ಎರಡು ಚಮಚ ಹಾಕಿದರೂ ಲೆಕ್ಕ ತಪ್ಪುತ್ತದೆ. ಅಳತೆ ಅಕ್ಷರವೋ ಕನ್ನಡಕ ಹಾಕಿಕೊಂಡರೂ ಕಾಣದಷ್ಟು ಸಣ್ಣದು. ಒಬ್ಬರೇ ಇರುವ ಹಿರಿಯರಿಗೆ 200 ಮಿ.ಲೀ. ನೀರಿನ ಚಿಕ್ಕ ಪೊಟ್ಟಣ ತಂದಿಡಿ: ಪೂರ್ತಿ ಪೊಟ್ಟಣ, ಅಳೆದ ಒಂದು ಲೋಟ, ಮುಗಿಯಿತು. ಲೀಟರ್ ಕಲಸಿದರೆ 24 ಗಂಟೆಯಲ್ಲಿ ಉಳಿದದ್ದನ್ನು ಚೆಲ್ಲಬೇಕು. ಹಾಲು, ಜ್ಯೂಸ್‌ಗೆ ಬೆರೆಸಬಾರದು, ಮೇಲೆ ಸಕ್ಕರೆಯೂ ಬೇಡ.

ಗಟಗಟ ಕುಡಿಸಿದರೆ ವಾಂತಿಯಾಗುತ್ತದೆ. ವಾಂತಿಯಾದ ಮೇಲೆ ಹತ್ತು ನಿಮಿಷ ಬಿಟ್ಟು, ಎರಡು ಮೂರು ನಿಮಿಷಕ್ಕೊಮ್ಮೆ ಒಂದೊಂದು ಚಮಚದಂತೆ ಶುರುಮಾಡಿ. ರುಚಿ ಉಪ್ಪುಪ್ಪು, ನಿಜ. ತಣ್ಣಗಿದ್ದರೆ ಸಲೀಸಾಗಿ ಇಳಿಯುತ್ತದೆ.

ಸಕ್ಕರೆ ಕಾಯಿಲೆ ಇದೆಯೆಂದು ಓಆರ್‌ಎಸ್ ತಪ್ಪಿಸಬೇಕಿಲ್ಲ, ಶುಗರ್ ಮಾತ್ರ ನೋಡುತ್ತಿರಿ. ಹೃದಯ ಅಥವಾ ಕಿಡ್ನಿ ತೊಂದರೆ ಇರುವವರು ಎಷ್ಟು ಕುಡಿಯಬೇಕೆಂದು ವೈದ್ಯರನ್ನು ಮೊದಲೇ ಕೇಳಿಕೊಳ್ಳಲಿ. ವಾಂತಿ–ಭೇದಿ ನಿಲ್ಲುವವರೆಗೆ ಬಿಪಿ ಮಾತ್ರೆ, ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್ ಮಾತ್ರೆ ನಿಲ್ಲಿಸಬೇಕೇ ಎಂಬುದನ್ನೂ ವೈದ್ಯರನ್ನೇ ಕೇಳಿ.

ಎಂಟು ಗಂಟೆಯಾದರೂ ಮೂತ್ರ ಹೋಗದಿದ್ದರೆ, ಮಾತು ಗೊಂದಲವಾದರೆ, ಎದ್ದು ನಿಂತಾಗ ಕಣ್ಣು ಕತ್ತಲೆ ಬಂದರೆ, ಮಲದಲ್ಲಿ ರಕ್ತ ಕಂಡರೆ ಯಾವ ಪೊಟ್ಟಣವೂ ಸಾಲದು. ಡ್ರಿಪ್ ಬೇಕಾಗಬಹುದು, ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ.